ಕಡಲ ಗಾಳಿಯಲ್ಲಿ ಡೈಮಂಡ್ 12.2: ಹಲವು ಮಳೆಗಾಲ ಕಂಡ ಸ್ಪೀಕರ್ ಜೋಡಿಯ ವಿಮರ್ಶೆ

ವಾರ್ಫ್‌ಡೇಲ್ ಡೈಮಂಡ್ 12.2 ಒಳ್ಳೆಯ ಸ್ಪೀಕರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರವಾರದಂಥ ಊರಲ್ಲಿ ಅದನ್ನು ಕೊಳ್ಳಬೇಕೋ ಬೇಡವೋ ಎಂಬುದು ಅದರ ದನಿಗಿಂತ ಹೆಚ್ಚಾಗಿ ನಿಮ್ಮ ಕೋಣೆಯನ್ನು ಅವಲಂಬಿಸಿದೆ. ಗೋಡೆಯಿಂದ ಒಂದೂವರೆ ಅಡಿ ಮುಂದೆ ಇಡಲು ಜಾಗ ಇದ್ದರೆ, ಆ ಗೋಡೆ ಆಷಾಢದಲ್ಲಿ ನೀರು ಕುಡಿಯುವ ಪಡುವಣ ಗೋಡೆಯಲ್ಲದಿದ್ದರೆ, ಧೈರ್ಯವಾಗಿ ತೆಗೆದುಕೊಳ್ಳಿ. ಇಲ್ಲವಾದರೆ ಕೆಳಗೆ ಹೇಳಿರುವ ಬೇರೆ ಮಾಡೆಲ್‌ಗಳನ್ನು ನೋಡುವುದು ಲೇಸು.

ಮೊದಲು ಒಡಲಿನ ವಿಚಾರ. ಕೆಳಗಿನ ಸ್ವರಗಳಿಗೆ 150 ಮಿ.ಮೀ. ವೂಫರ್, ಮೇಲಿನ ಸ್ವರಗಳಿಗೆ 25 ಮಿ.ಮೀ. ಬಟ್ಟೆಯ ಡೋಮ್ ಟ್ವೀಟರ್, 88 ಡೆಸಿಬಲ್ ಸೆನ್ಸಿಟಿವಿಟಿ (1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸಿಗುವ ದನಿಯ ಮಟ್ಟ), 8 ಓಮ್ ತಡೆ. ವೂಫರ್‌ನ ಕೋನ್ (ಕಂಪಿಸುವ ಶಂಕು) ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ಗೆ ಅಭ್ರಕ ಬೆರೆಸಿ ಮಾಡಿದ್ದು, ಅಂಚಿನ ಸುತ್ತುಪಟ್ಟಿ ರಬ್ಬರಿನದು. ಕರಾವಳಿಯವರು ಈ ಎರಡು ಸಂಗತಿಯನ್ನು ದನಿ ಕೇಳುವ ಮೊದಲೇ ನೋಡಿಕೊಳ್ಳಬೇಕು. ಹಳೆಯ ಸ್ಪೀಕರ್‌ಗಳ ಸುತ್ತುಪಟ್ಟಿ ಫೋಮಿನದಾಗಿರುತ್ತಿತ್ತು. ಪಾಲಿಯುರಿಥೇನ್ ಫೋಮ್ ಗಾಳಿಯ ತೇವದೊಂದಿಗೆ ರಾಸಾಯನಿಕವಾಗಿ ಒಡೆಯುತ್ತದೆ, ಕೊನೆಗೆ ಬೆರಳು ತಾಗಿದರೆ ಪುಡಿಯಾಗಿ ಉದುರುತ್ತದೆ. ನಮ್ಮ ಕಡೆ ಅಟ್ಟ ಸೇರಿದ ಹಳೆಯ ಸ್ಟೀರಿಯೋಗಳಲ್ಲಿ ಹೆಚ್ಚಿನವು ಸತ್ತದ್ದು ಹೀಗೇ. ಲೇಪ ಕೊಡದ ಕಾಗದದ ಕೋನ್ ಕೂಡ ತೇವ ಹೀರುತ್ತದೆ. ಪ್ಲಾಸ್ಟಿಕ್ ಕೋನ್‌ಗೆ ಆ ತಾಪತ್ರಯ ಇಲ್ಲ.

ದನಿಯಲ್ಲಿ ಇದರ ಬಲ ಮಧ್ಯದ ಸ್ವರಗಳು. ಭಾಗವತರ ಪದ್ಯ, ಹಾರ್ಮೋನಿಯಂ, ತಂಬೂರಿಯ ಝೇಂಕಾರ, ಎಲ್ಲವೂ ಬಿಡಿಬಿಡಿಯಾಗಿ, ಒರಟುತನವಿಲ್ಲದೆ ಬರುತ್ತವೆ. ಯಕ್ಷಗಾನದ ರೆಕಾರ್ಡಿಂಗ್‌ಗಳಲ್ಲಿ ಚಂಡೆಯ ಪೆಟ್ಟು ಅಗ್ಗದ ಟ್ವೀಟರ್‌ನಲ್ಲಿ ತಗಡು ಬಡಿದಂತೆ ಕೇಳುತ್ತದೆ. ಇಲ್ಲಿ ಪೆಟ್ಟು ಬೇರೆ, ಅದರ ಹಿಂದಿನ ತೊಗಲಿನ ಅನುರಣನ ಬೇರೆ ಎಂದು ತಿಳಿಯುತ್ತದೆ. ಮದ್ದಳೆಯ ಎಡ-ಬಲ ಭಾಗಗಳ ವ್ಯತ್ಯಾಸವೂ ಸ್ಪಷ್ಟ. ಹಾಗೆಂದು ರೆಕಾರ್ಡಿಂಗೇ ಕೆಟ್ಟದ್ದಾದರೆ ಇದೇನೂ ಪವಾಡ ಮಾಡುವುದಿಲ್ಲ, ಮೈಕ್ ಕಿರುಚಿದ್ದು ಕಿರುಚಿದಂತೆಯೇ ಕೇಳುತ್ತದೆ. ದೌರ್ಬಲ್ಯ ಕೆಳಗಿನ ತುದಿಯಲ್ಲಿದೆ. 50 ಹರ್ಟ್ಜ್‌ಗಿಂತ (ಸೆಕೆಂಡಿಗೆ 50 ಕಂಪನ) ಕೆಳಗೆ ಹೆಚ್ಚೇನೂ ಉಳಿಯುವುದಿಲ್ಲ, ಸಣ್ಣ ವಾಲ್ಯೂಮಿನಲ್ಲಿ ತಬಲಾದ ಡಗ್ಗಾ ತುಸು ತೆಳುವಾಗುತ್ತದೆ. ನೂರು ಗಂಟೆ ಓಡಿಸಿದ ಮೇಲೆ ದನಿ ಅರಳುತ್ತದೆ ಎಂದು ಅಂಗಡಿಯವರು ಹೇಳುವ ಮಾತನ್ನು ನಂಬಿ ಕೂರಬೇಡಿ. ಅಷ್ಟು ದಿನದಲ್ಲಿ ಒಗ್ಗಿಕೊಳ್ಳುವುದು ಹೆಚ್ಚಾಗಿ ನಮ್ಮ ಕಿವಿ.

ಕೋಣೆಯ ಲೆಕ್ಕ ತಪ್ಪಿದರೆ ಎಂಥ ಸ್ಪೀಕರ್ ಆದರೂ ಗುಂಯ್‌ಗುಡುತ್ತದೆ. ಕಾಜುಬಾಗ, ಕೋಡಿಬಾಗದ ಕಡೆಯ ಹೊಸ ಆರ್‌ಸಿಸಿ ಮನೆಗಳಲ್ಲಿ 10 ಅಡಿಗೆ 12 ಅಡಿಯ ಕೋಣೆ ಸಾಮಾನ್ಯ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ ಆ ಕೋಣೆಯ ಉದ್ದ 47, ಅಗಲ 56 ಹರ್ಟ್ಜ್ ಆಸುಪಾಸಿನಲ್ಲಿ ಅನುರಣಿಸುತ್ತದೆ. 12.2ರ ಪೋರ್ಟ್, ಅಂದರೆ ಪೆಟ್ಟಿಗೆಯ ಗಾಳಿ ಆಡುವ ತೂತು, ಬೆನ್ನಿಗಿದೆ. ಗೋಡೆಗೆ ಒತ್ತಿ, ಅದರಲ್ಲೂ ಮೂಲೆಗೆ ತಳ್ಳಿ ಇಟ್ಟರೆ ಅದೇ ಸ್ವರಗಳು ಇನ್ನಷ್ಟು ಉಬ್ಬುತ್ತವೆ. ಮುಂದೆ ಎಳೆದಾಗ ಬೇರೆ ತರಲೆ ಇದೆ: ಸ್ಪೀಕರ್‌ನ ಮುಖ ಗೋಡೆಯಿಂದ 60 ಸೆಂ.ಮೀ. ದೂರದಲ್ಲಿದ್ದರೆ ಗೋಡೆಗೆ ಬಡಿದು ಮರಳಿದ ಅಲೆ 143 ಹರ್ಟ್ಜ್ ಸುತ್ತ ನೇರ ಅಲೆಯನ್ನು ತಿಂದುಹಾಕುತ್ತದೆ. ಗಂಡುದನಿಯ ಕೆಳಗಿನ ಸ್ವರಗಳು ಇರುವುದೇ ಅಲ್ಲಿ. ಅದಕ್ಕೇ ಅಳತೆಪಟ್ಟಿ ಹಿಡಿದು ಒಮ್ಮೆಲೇ ತೀರ್ಮಾನಿಸದೆ, ಹಿಂಗೋಡೆಯಿಂದ 30 ಸೆಂ.ಮೀ.ನಲ್ಲಿ ಶುರುಮಾಡಿ ಐದೈದು ಸೆಂ.ಮೀ. ಮುಂದೆ ಸರಿಸುತ್ತ, ಒಂದೇ ಹಾಡಿನ ಒಂದೇ ಸಾಲು ಕೇಳಬೇಕು. ದನಿ ಬಾಯಿಂದ ಬಂದಂತೆ ಕೇಳುವ ಜಾಗದಲ್ಲಿ ನೆಲಕ್ಕೆ ಟೇಪ್ ಅಂಟಿಸಿ. ಎರಡು ಸ್ಪೀಕರ್‌ಗಳ ನಡುವೆ 1.8ರಿಂದ 2 ಮೀಟರ್, ಕೂರುವ ಜಾಗಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಇರಲಿ.

ಹಂಚಿನ ಮನೆಯವರು ಈ ವಿಷಯದಲ್ಲಿ ಪುಣ್ಯವಂತರು. ಇಳಿಜಾರು ಮಾಡಿನಲ್ಲಿ ಶಬ್ದ ನೇರ ಮೇಲೆ-ಕೆಳಗೆ ಪುಟಿಯುವುದಿಲ್ಲ, ಹಂಚಿನ ಸಂದಿಯಲ್ಲಿ ಸ್ವಲ್ಪ ಸೋರಿಯೂ ಹೋಗುತ್ತದೆ. ಶಿರಸಿ, ಸಿದ್ದಾಪುರ ಕಡೆಯ ಮರದ ಮಾಳಿಗೆಯ ಕೋಣೆಗಳು ಇನ್ನೂ ಚೆನ್ನ. ಸಿಮೆಂಟಿನ ನೆಲಕ್ಕೆ ಮಾತ್ರ ಸ್ಪೀಕರ್‌ಗೂ ಕುರ್ಚಿಗೂ ನಡುವೆ ದಪ್ಪನೆಯ ಜಮಖಾನೆ ಹಾಸಿ.

ಸ್ಟ್ಯಾಂಡಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಚಿರೆಕಲ್ಲು ಒಂದರ ಮೇಲೊಂದು ಇಟ್ಟು 60 ಸೆಂ.ಮೀ. ಎತ್ತರ ಮಾಡಿದರೆ ಕಬ್ಬಿಣದ ಸ್ಟ್ಯಾಂಡಿಗಿಂತ ಗಟ್ಟಿ, ತುಕ್ಕಿನ ಭಯವೂ ಇಲ್ಲ. ಆದರೆ ಬರಿಯ ಕಲ್ಲು ಕೆಂಪು ಪುಡಿ ಉದುರಿಸುತ್ತದೆ. ಸಿಮೆಂಟ್ ಗಿಲಾವು ಮಾಡಿ, ಮೇಲೆ ಗ್ರಾನೈಟ್ ತುಂಡು ಕೂರಿಸಿ, ನಾಲ್ಕು ಮೂಲೆಗೆ ರಬ್ಬರ್ ಬಿಲ್ಲೆ ಇಡಿ. ಕುರ್ಚಿಯಲ್ಲಿ ಕೂತವರ ಕಿವಿಯ ಮಟ್ಟಕ್ಕೆ ಟ್ವೀಟರ್ ಬರಬೇಕು. ಚಾಪೆಯಲ್ಲಿ ಕೂತು ಕೇಳುವ ಮನೆಯಾದರೆ ಒಂದು ಕಲ್ಲು ಕಡಿಮೆ ಮಾಡಿ.

ಮಳೆಗಾಲದ ವಾಲ್ಯೂಮಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಟ್ವೀಟರ್ ಸುಡುವುದು ಆಗಲೇ. ಎರಡೂವರೆ ಮೀಟರ್ ದೂರದಲ್ಲಿ, ತಲಾ 1 ವ್ಯಾಟ್ ಕೊಟ್ಟರೆ ಜೋಡಿಯಿಂದ ಸುಮಾರು 83 ಡೆಸಿಬಲ್ ಸಿಗುತ್ತದೆ. ಮಾಮೂಲು ಕೇಳುವಿಕೆಯ ಸರಾಸರಿ 75 ಎಂದುಕೊಳ್ಳಿ. ಚಂಡೆಯ ಪೆಟ್ಟು ಅದಕ್ಕಿಂತ 20 ಡೆಸಿಬಲ್ ಮೇಲೆ ಹೋದರೆ 95, ಅದಕ್ಕೆ ಬೇಕಾದದ್ದು 16 ವ್ಯಾಟ್. ಸಣ್ಣ ಆಂಪ್ಲಿಫೈಯರ್‌ಗೂ ಇದು ಸಲೀಸು. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಅದನ್ನು ಮೀರಿಸಲು 10 ಡೆಸಿಬಲ್ ಏರಿಸಿದಿರೋ, ಬೇಕಾಗುವ ಶಕ್ತಿ ಹತ್ತು ಪಟ್ಟು, ಅಂದರೆ 160 ವ್ಯಾಟ್. ಆಂಪ್ಲಿಫೈಯರ್‌ನಲ್ಲಿ ಅಷ್ಟಿರುವುದಿಲ್ಲ; ಅಲೆಯ ತಲೆ ಕತ್ತರಿಸಿಹೋಗಿ, ಆಗ ಹುಟ್ಟುವ ಮೇಲಿನ ಸ್ವರಗಳ ಬಿಸಿಯನ್ನೆಲ್ಲ ಟ್ವೀಟರ್‌ನ ಕೂದಲೆಳೆಯಂಥ ತಂತಿಯ ಕಾಯಿಲ್ ನುಂಗಬೇಕಾಗುತ್ತದೆ. ಜಡಿಮಳೆ ಬಂದಾಗ ಹಾಡು ನಿಲ್ಲಿಸಿ ಚಹಾ ಕುಡಿಯುವುದೇ ಸರಿ.

ಆಂಪ್ಲಿಫೈಯರ್ ಡಬ್ಬದ ಮೇಲಿನ ಅಂಕಿಯನ್ನೂ ಅನುಮಾನಿಸಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಕ್ಲಾಸ್ ಡಿ ಬಗೆಯ ಆಂಪ್ಲಿಫೈಯರ್ ಪೆಟ್ಟಿಗೆಗಳಲ್ಲಿ ಇರುವುದು ಟಿಪಿಎ3116 ಚಿಪ್. ಅದು 8 ಓಮ್‌ಗೆ 24 ವೋಲ್ಟ್ ಅಡಾಪ್ಟರ್‌ನಲ್ಲಿ ಚಾನೆಲ್‌ಗೆ 30 ವ್ಯಾಟ್ ಮಾತ್ರ ಕೊಡುತ್ತದೆ, ಅದೂ ಸಾಕಷ್ಟು ವಿರೂಪದೊಂದಿಗೆ. 12 ವೋಲ್ಟ್ ಅಡಾಪ್ಟರ್ ಸಿಕ್ಕಿಸಿದರೆ ಅದರ ಕಾಲು ಭಾಗ. ಡೆನಾನ್ ಪಿಎಂಎ-600ಎನ್‌ಇ ಥರದ, 8 ಓಮ್‌ಗೆ 45 ವ್ಯಾಟಿನ ಆಂಪ್ಲಿಫೈಯರ್ 12.2ಕ್ಕೆ ಹೇಳಿ ಮಾಡಿಸಿದ ಜೋಡಿ.

ಇನ್ನು ಉಪ್ಪುಗಾಳಿ. ಮೊದಲು ಕೆಡುವುದು ಸ್ಪೀಕರ್ ಅಲ್ಲ, ವೈರಿನ ತುದಿ. ತಾಮ್ರ ಹಸಿರು ಕಿಲುಬು ಹಿಡಿದು ಒಂದು ಚಾನೆಲ್ ಕುಂದುತ್ತದೆ, ಕೊಯ್‌ಕೊಯ್ ಎಂದು ಬಂದುಹೋಗುತ್ತದೆ. ಜನ ಸ್ಪೀಕರನ್ನೇ ದೂರುತ್ತಾರೆ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ವೈರಂತೂ ಬೇಡವೇ ಬೇಡ, ಕತ್ತರಿಸಿದ ತುದಿಯಲ್ಲಿ ಬೇಗ ಕೊರೆದುಹೋಗುತ್ತದೆ. ತವರ ಲೇಪಿಸಿದ ತಾಮ್ರದ ವೈರ್ ಸಿಕ್ಕರೆ ಅದೇ ಉತ್ತಮ, ದೋಣಿಗಳ ವೈರಿಂಗ್‌ಗೆ ಬಳಸುವುದೂ ಅದನ್ನೇ. ಇಲ್ಲದಿದ್ದರೆ 1.5 ಚದರ ಮಿ.ಮೀ.ನ ಶುದ್ಧ ತಾಮ್ರದ ವೈರ್ ಸಾಕು: 5 ಮೀಟರ್ ಓಟಕ್ಕೆ ಹೋಗಿ-ಬರುವ ತಡೆ 0.12 ಓಮ್ ಆಸುಪಾಸು, 8 ಓಮ್ ಎದುರು ಲೆಕ್ಕಕ್ಕಿಲ್ಲ. ತುದಿಗೆ ಚಿನ್ನದ ಲೇಪದ ಬನಾನಾ ಪ್ಲಗ್ ಬಿಗಿಯಿರಿ. ಮಳೆಗಾಲದ ಮೊದಲೊಮ್ಮೆ, ದೀಪಾವಳಿಗೊಮ್ಮೆ ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಆ ದ್ರವವನ್ನು ಟ್ವೀಟರ್‌ನ ಬಟ್ಟೆಗಾಗಲೀ ರಬ್ಬರಿಗಾಗಲೀ ಸೋಕಿಸಬೇಡಿ.

ಪೆಟ್ಟಿಗೆಯ ದುರ್ಬಲ ಜಾಗ ಎಲ್ಲ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸ್ಪೀಕರ್‌ಗಳಂತೆ ಇದರಲ್ಲೂ ಬೆನ್ನೇ. ಹೊರಮೈಗೆ ವಿನೈಲ್ ಹೊದಿಕೆ ಇದೆ, ಆದರೆ ಪೋರ್ಟಿಗೂ ಟರ್ಮಿನಲ್ಲಿಗೂ ಕೊರೆದ ತೂತಿನ ಅಂಚಿನಲ್ಲಿ ಹಸಿ ಎಂಡಿಎಫ್ ತೇವ ಹೀರಬಲ್ಲದು. ಹಸಿಗೋಡೆಯಿಂದ ದೂರ ಇಟ್ಟರೆ ಉಬ್ಬುವುದಿಲ್ಲ. ಗ್ರಿಲ್‌ನ ಬಟ್ಟೆಗೆ ಬೂಷ್ಟು ಬಂದರೆ ಗ್ರಿಲ್ ತೆಗೆದು ಹೊರಗೆ ಒಣ ಬ್ರಷ್ ಆಡಿಸಿ, ಎಳೆಬಿಸಿಲಿಗೆ ಇಡಿ. ರಬ್ಬರಿಗೆ ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಎಣ್ಣೆಗೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಧೂಳೂ ಅಂಟುತ್ತದೆ. ಪೋರ್ಟಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟುವುದು ಇಲ್ಲಿನ ಮಾಮೂಲು ಕಾಟ. ಬಳಸದ ದಿನಗಳಲ್ಲಿ ಸ್ಪಂಜಿನ ಮುದ್ದೆ ತುರುಕಿಡಿ, ಹಾಡು ಹಾಕುವ ಮುನ್ನ ತೆಗೆಯಿರಿ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಆಂಪ್ಲಿಫೈಯರ್ ಜುಂಯ್‌ಗುಟ್ಟಿದರೆ ಅದು ಟ್ರಾನ್ಸ್‌ಫಾರ್ಮರಿನ ಸದ್ದು, ಸ್ಪೀಕರ್ ದೋಷವಲ್ಲ. ಗುಡುಗು ಕೇಳುತ್ತಿದ್ದಂತೆ ಪ್ಲಗ್ ಕೀಳುವಾಗ ಡಿಟಿಎಚ್ ಕೇಬಲ್ಲನ್ನೂ ಕೀಳಿ. ಟಿವಿಗೆ ಜೋಡಿಸಿದ್ದರೆ ಸಿಡಿಲು ಆ ದಾರಿಯಿಂದಲೂ ಆಂಪ್ಲಿಫೈಯರ್‌ಗೆ ಬರುತ್ತದೆ.

ಜಾಗ ಇಲ್ಲದೆ ಕಪಾಟಿನಲ್ಲೇ ಇಡಬೇಕಾದವರಿಗೆ ಎಲ್ಯಾಕ್ ಡೆಬ್ಯೂ ಬಿ6.2 ಮೇಲು, ಅದರ ಪೋರ್ಟ್ ಮುಂದೆ ಇದೆ. 6 ಓಮ್, 87 ಡೆಸಿಬಲ್. ಚಿಕ್ಕ ಕೋಣೆಗೆ ಕ್ಯೂ ಅಕೌಸ್ಟಿಕ್ಸ್ 3020ಐ: ಪೋರ್ಟ್ ಹಿಂದಿದ್ದರೂ ಮುಚ್ಚಲು ಫೋಮ್ ಬಿರಡೆ ಜೊತೆಗೇ ಬರುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ಕೇಳುವುದಾದರೆ ಕೆಇಎಫ್ ಕ್ಯೂ150. ಟ್ವೀಟರ್ ವೂಫರ್‌ನ ನಡುವಲ್ಲೇ ಇರುವುದರಿಂದ ಪಕ್ಕದಲ್ಲಿ ಕೂತವರಿಗೂ ದನಿ ಹೆಚ್ಚು ಬದಲಾಗುವುದಿಲ್ಲ. ಆದರೆ 86 ಡೆಸಿಬಲ್ ಆದ್ದರಿಂದ 12.2ಕ್ಕಿಂತ ಒಂದೂವರೆ ಪಟ್ಟಿಗೂ ಮಿಗಿಲು ಶಕ್ತಿ ಬೇಡುತ್ತದೆ. ದನಿಯಲ್ಲಿ ಮಾತ್ರ ನನ್ನ ಮತ ಈಗಲೂ 12.2ಕ್ಕೇ.

ಸೆಕೆಂಡ್ ಹ್ಯಾಂಡ್ ಜೋಡಿ ಸಿಕ್ಕರೆ ದುಡ್ಡು ಕೊಡುವ ಮೊದಲು ಕೋನನ್ನು ನಾಲ್ಕು ಬೆರಳಿನಿಂದ ಸಮನಾಗಿ, ಮೆಲ್ಲಗೆ ಒತ್ತಿ. ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ, ಅಥವಾ ಆಯಸ್ಕಾಂತದ ಸಂದಿಗೆ ತುಕ್ಕು ಇಳಿದಿದೆ, ಅಂಥದ್ದು ಬೇಡ. ಆಮೇಲೆ ವೈರ್ ಬಿಚ್ಚಿ, 1.5 ವೋಲ್ಟಿನ ಸೆಲ್ಲಿನ ಪ್ಲಸ್ಸನ್ನು ಕೆಂಪು ಟರ್ಮಿನಲ್ಲಿಗೆ, ಮೈನಸ್ಸನ್ನು ಕಪ್ಪಿಗೆ ಕ್ಷಣಮಾತ್ರ ತಾಗಿಸಿ. ಎರಡರ ಕೋನೂ ಹೊರಕ್ಕೆ ಹಾರಬೇಕು. ಒಂದು ಒಳಕ್ಕೆ ಹೋದರೆ ಯಾರೋ ಒಳಗಿನ ವೈರ್ ಬಿಚ್ಚಿ ತಿರುಗಾಮುರುಗಾ ಜೋಡಿಸಿದ್ದಾರೆ ಎಂದರ್ಥ. ಯಾಕೆ ಬಿಚ್ಚಿದರು ಎಂದು ಕೇಳಿಯೇ ಮುಂದುವರಿಯಿರಿ.