ಬಳ್ಳಾರಿಯಲ್ಲಿ ಕೊಂಡ ವೀನಸ್ ಮೂರ್ತಿ: ಹೇಳಿದ ಕಲ್ಲಲ್ಲ, ಆದರೂ ನಾನು ವಾಪಸ್ ಕೊಡಲಿಲ್ಲ

ಹೋದ ತಿಂಗಳು ಬಳ್ಳಾರಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಇದನ್ನು ಕೊಂಡೆ. ಹದಿನಾರು ಇಂಚು ಉದ್ದ. ದಿಂಬಿಗೆ ಒರಗಿ ಮಲಗಿದ ವೀನಸ್ (ರೋಮನ್ನರ ಪ್ರೇಮದೇವತೆ), ಎಡಗೈಯಲ್ಲಿ ಸೇಬು. ನೋಡಿದ ಕೂಡಲೇ ಗುರುತು ಸಿಕ್ಕಿತು. ನೆಪೋಲಿಯನ್ನನ ತಂಗಿ ಪೌಲಿನಾಳನ್ನು ವೀನಸ್ ರೂಪದಲ್ಲಿ ಇಟಲಿಯ ಶಿಲ್ಪಿ ಅಂಟೋನಿಯೊ ಕನೋವಾ 1805ರಿಂದ 1808ರವರೆಗೆ ಕೆತ್ತಿದ, ಈಗ ರೋಮಿನ ಬೋರ್ಗೀಸ್ ಗ್ಯಾಲರಿಯಲ್ಲಿರುವ ಮೂರ್ತಿಯ ಸಣ್ಣ ನಕಲು ಇದು.

“ಪಕ್ಕಾ ಇಟಲಿ ಮಾರ್ಬಲ್ ಐತ್ರಿ ಮೇಡಂ. ನೀರು ಹಾಕಿ ತೊಳೀರಿ, ಏನೂ ಆಗಂಗಿಲ್ಲ” ಅಂದರು ಅಂಗಡಿಯವರು. 22,000 ಹೇಳಿ 18,500ಕ್ಕೆ ಕೊಟ್ಟರು.

ಕೊಪ್ಪಳಕ್ಕೆ ತಂದು, ತಳ ತಿರುವಿ ಉಗುರಲ್ಲಿ ಗೀರಿದೆ. ಬಿಳಿ ಪುಡಿ ಬಂತು. ಅಮೃತಶಿಲೆ ಉಗುರಿಗೆ ಜಗ್ಗುವುದಿಲ್ಲ. ಪಾದದ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಬೆರಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದವು. ಇದು ಅಲಬಾಸ್ಟರ್, ಜಿಪ್ಸಮ್ ಜಾತಿಯ ಮೆದು ಕಲ್ಲು. ಇಟಲಿಯ ಟಸ್ಕನಿ ಪ್ರಾಂತ್ಯದ ವೊಲ್ಟೆರಾ ಊರಿನಲ್ಲಿ 19ನೇ ಶತಮಾನದಲ್ಲಿ ಇಂಥ ಮೂರ್ತಿಗಳನ್ನು ಕೆತ್ತಿ ದೇಶವಿದೇಶಕ್ಕೆ ಕಳಿಸುತ್ತಿದ್ದರು. ಅಲಬಾಸ್ಟರ್ ನೀರಿಗೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಅವರ ಮಾತು ನಂಬಿ ತೊಳೆದಿದ್ದರೆ ಮುಖದ ನಯವೇ ಹೋಗುತ್ತಿತ್ತು. ಬೆಲೆಗಿಂತ ಹೆಚ್ಚಾಗಿ ಈ ಮಾತಿಗೇ ನನಗೆ ಸಿಟ್ಟು.

ಹಾಗಂತ ಮೆದು ಕಲ್ಲು ಕೀಳಲ್ಲ. ನಾನು ಡ್ರಾಯಿಂಗ್ ಟೀಚರ್, ಮಕ್ಕಳನ್ನು ಇಟಗಿಗೆ ಕರೆದೊಯ್ಯುತ್ತಿರುತ್ತೇನೆ. ಅಲ್ಲಿನ 1112ರ ಮಹಾದೇವ ದೇವಾಲಯದ ಕಂಬಗಳಲ್ಲಿ ಅಷ್ಟು ಸೂಕ್ಷ್ಮ ಕುಸುರಿ ಮೂಡಿದ್ದೇ ಬಳಪದ ಕಲ್ಲು ಉಳಿಗೆ ಒಲಿದದ್ದರಿಂದ. ಇದರಲ್ಲೂ ಆ ಒಲವು ಕಾಣುತ್ತದೆ, ಅದೂ ಹಿಂಬದಿಯಲ್ಲಿ. ಸಾಧಾರಣ ನಕಲುಗಳಲ್ಲಿ ಬೆನ್ನನ್ನು ಚಪ್ಪಟೆ ಬಿಟ್ಟುಬಿಡುತ್ತಾರೆ. ಇಲ್ಲಿ ಬೆನ್ನಹುರಿಯ ತಗ್ಗು ಮೆಲ್ಲಗೆ ಇಳಿದು ಸೊಂಟದ ಬಟ್ಟೆಯ ನೆರಿಗೆಯಲ್ಲಿ ಮರೆಯಾಗುತ್ತದೆ. ಬಲ ಮೊಣಕೈ ಊರಿದ ಕಡೆ ದಿಂಬು ಕುಸಿದು, ಅಂಚಿಗೆ ಎರಡು ಸುಕ್ಕು ಬಿದ್ದಿವೆ. ಕನೋವಾನ ಮೂಲ ಮೂರ್ತಿಯ ಪೀಠದೊಳಗೆ ತಿರುಗಿಸುವ ಯಂತ್ರವಿತ್ತು, ನೋಡುವವರು ನಿಂತಲ್ಲೇ ಸುತ್ತಲೂ ಕಾಣಲಿ ಅಂತ. ಈ ನಕಲು ಮಾಡಿದವರು ಅದನ್ನು ಮರೆತಿಲ್ಲ.

ಕೊರತೆಯೂ ಇದೆ. ಸೇಬು ಹಿಡಿದ ಕೈಯ ಕಿರುಬೆರಳ ತುದಿ ಮುರಿದಿದೆ. ಮುರಿದ ಜಾಗವೂ ಮಾಸಿದೆ, ಅಂದರೆ ಹಳೇ ಪೆಟ್ಟು. ಇದನ್ನು ಅಂಗಡಿಯವರೇ ಮೊದಲು ತೋರಿಸಿದ್ದರು, ಅದು ಅವರ ದೊಡ್ಡತನ.

ನೀವು ಹೋದರೆ ಟಾರ್ಚ್ ಒಯ್ಯಿರಿ, ತಳ ನೋಡದೆ ಚೌಕಾಸಿಗೆ ಇಳಿಯಬೇಡಿ. ನಾನು ಒಣ ಕುಂಚದಿಂದ ಧೂಳು ಕೊಡವಿ ಕಿಟಕಿಯ ಹತ್ತಿರ ಇಟ್ಟಿದ್ದೇನೆ, ಬೆನ್ನು ಕೋಣೆಯ ಕಡೆಗೆ ಮಾಡಿ.