ವಿರಾಜಪೇಟೆಯ ಶನಿವಾರದ ಬೈಬಲ್ ಕೂಟ: ಖಂಡಿತ ಹೋಗಿ

ವಿರಾಜಪೇಟೆಯಲ್ಲಿ ಒಂದು ಮನೆಯ ಜಗಲಿಯಲ್ಲಿ ಶನಿವಾರ ಸಂಜೆ ನಡೆಯುವ ಈ ಕೂಟ ನನಗೆ ತುಂಬಾ ಇಷ್ಟವಾಯಿತು. ಈಗ ಓದುತ್ತಿರುವುದು ಯೇಸುವಿನ ಅಪೊಸ್ತಲನಾದ ಪೌಲನು ಫಿಲಿಪ್ಪಿ ಅನ್ನುವ ಊರಿನ ಕ್ರೈಸ್ತರಿಗೆ ಬರೆದ ಪತ್ರ, 1ನೇ ಅಧ್ಯಾಯದ 9ರಿಂದ 11ನೇ ವಚನ. ಬೇಡಿಯಲ್ಲಿದ್ದುಕೊಂಡು ಬರೆದ ಪತ್ರ ಅದು. ಆದರೂ ಇಲ್ಲಿ ಅವನು ದೇವರಲ್ಲಿ ಕೇಳುವುದು ಅವರ ಪ್ರೀತಿ ಇನ್ನೂ ಹೆಚ್ಚಲಿ, ಅದರ ಜೊತೆ ತಿಳುವಳಿಕೆ, ವಿವೇಕವೂ ಬೆಳೆಯಲಿ ಅಂತ.

ನಡೆಸುವ ಆಂಟಿ ಭಾಷಣ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಕಾಫಿ ಕೊಯ್ಲಿನ ಕೂಲಿಯನ್ನು ಕುಡಿದು ಮುಗಿಸಿ ಮತ್ತೆ ದುಡ್ಡು ಕೇಳುವ ತಮ್ಮನಿಗೆ ಕೊಡುವುದು ಪ್ರೀತಿಯಾ, ಕೊಡದೆ ಅವನ ಮನೆಗೆ ಅಕ್ಕಿ ತಂದು ಹಾಕುವುದು ಪ್ರೀತಿಯಾ? ಅದರ ಮೇಲೇ ಬಹಳ ಹೊತ್ತು ಮಾತು ನಡೆಯಿತು, ಯಾರೂ ಸುಮ್ನೆ ತಲೆಯಾಡಿಸಲಿಲ್ಲ. ಪ್ರೀತಿ ಜಾಸ್ತಿ ಇದ್ದರೆ ಸಾಕು ಅಂದುಕೊಳ್ಳುತ್ತೇವೆ ಅಲ್ವಾ, ಆದರೆ ಯಾವುದು ಉತ್ತಮ ಅಂತ ಆರಿಸುವ ಬುದ್ಧಿಯೂ ಬೇಕು, ಅದನ್ನೂ ದೇವರ ಹತ್ತಿರವೇ ಕೇಳಬೇಕು.

ನೀತಿಯ ಫಲ ಯೇಸುಕ್ರಿಸ್ತನ ಮೂಲಕ ಬರುತ್ತದೆ ಅನ್ನುವ 11ನೇ ವಚನಕ್ಕೆ ಮಾತ್ರ ಸಮಯ ಸಾಲಲಿಲ್ಲ, ಅದಕ್ಕೇ ಒಂದು ಸಂಜೆ ಇಡಬೇಕಿತ್ತು. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಬೈಬಲ್ ಜೊತೆ ಟಾರ್ಚೂ ತನ್ನಿ.