ಚಿಂಚಿಲ್ಲಾ 'ತಾಯಿ-ಮರಿ ಸೆಟ್' ಅಂತ ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ

ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆಯವರು ದಯವಿಟ್ಟು ಪೂರ್ತಿ ಓದಿ. ಚಿಂಚಿಲ್ಲಾ ಅಂದರೆ ಮನೆಯಲ್ಲಿ ಸಾಕುವ, ದಟ್ಟ ರೋಮದ, ಇಲಿ ಜಾತಿಯ ಒಂದು ಪ್ರಾಣಿ. "ಚಿಂಚಿಲ್ಲಾ ತಾಯಿ ಮತ್ತು ಎರಡು ಮರಿ, ಎಂಟು ವಾರ ಆಗಿದೆ, ಹಾಲು ಬಿಟ್ಟಿವೆ, ಕೈಗೆ ಒಗ್ಗಿವೆ" ಅಂತ ಒಂದು ಜಾಹೀರಾತು ವಾಟ್ಸಾಪಿನಲ್ಲಿ ಓಡಾಡ್ತಾ ಉಂಟು. ನಾನು ಅದಕ್ಕೆ 45,000 ರೂಪಾಯಿ ಕೊಟ್ಟಿದ್ದೇನೆ. ಹೇಳಿಕೊಳ್ಳಲಿಕ್ಕೆ ನಾಚಿಕೆ ಆಗ್ತದೆ, ಮನೆಯವರು ಕೂಡ ಎಲ್ಲಿಯೂ ಬರೀಬೇಡ ಅಂದರು. ಆದರೆ ನಾನು ಬಾಯಿ ಮುಚ್ಚಿ ಕೂತರೆ ಅದನ್ನು ಮಾರಿದವನು ನಾಳೆ ಇನ್ನೊಂದು ಮನೆಗೆ ಇದನ್ನೇ ಮಾಡ್ತಾನೆ.

ಚಿಂಚಿಲ್ಲಾ ನಮಗೆ ಹೊಸತಲ್ಲ. ಶಾರ್ಜಾದಲ್ಲಿ ಇದ್ದಾಗ ಮಗಳು ಒಂದನ್ನು ಸಾಕಿದ್ದಳು. ನಮ್ಮ ಕರಾವಳಿಯ ಸೆಕೆ ಅದಕ್ಕೆ ವಿಷ ಅಂತ ಗೊತ್ತಿದ್ದೇ ಎಸಿ ಕೋಣೆ, ಇನ್ವರ್ಟರ್, ಅದು ತಿನ್ನುವ ಟಿಮೊತಿ ಹುಲ್ಲು, ಮಲಗಲಿಕ್ಕೆ ಗ್ರಾನೈಟ್ ತುಂಡು ಎಲ್ಲ ಮೊದಲೇ ಮಾಡಿಟ್ಟಿದ್ದೆವು. ಮರಿ ಹಾಕಿದ್ದು ಮಾತ್ರ ನೋಡಿರಲಿಲ್ಲ. ಅವನು ಫೋನಿನಲ್ಲಿ ಮೊದಲು ಕೇಳಿದ್ದೇ ಅದು: "ಚೇಚಿ (ಅಕ್ಕ), ಇದರ ಮರಿ ಮುಂಚೆ ನೋಡಿದ್ದೀರಾ?" ಇಲ್ಲ ಅಂದೆ. ಯಾಕೆ ಕೇಳಿದ ಅಂತ ಆಗ ಗೊತ್ತಾಗಲಿಲ್ಲ, ಈಗ ಗೊತ್ತಾಗ್ತಾ ಉಂಟು.

ಅರ್ಧ ದುಡ್ಡು ಮುಂಗಡ, ಉಳಿದದ್ದು ಪೆಟ್ಟಿಗೆ ಕೊಡುವಾಗ. ಕುಂಬಳೆ ಪೇಟೆಯಲ್ಲಿ ಒಬ್ಬ ಹುಡುಗ ಕಾರಿನ ಡಿಕ್ಕಿಯಿಂದ ಇಳಿಸಿದ. ಏಪ್ರಿಲ್ ಮಧ್ಯಾಹ್ನ, ಡಿಕ್ಕಿಯಿಂದ! 25 ಡಿಗ್ರಿ ದಾಟಿದರೇ ಕಷ್ಟಪಡುವ ಪ್ರಾಣಿ ಅದು, ಒಂದೊಂದು ರೋಮರಂಧ್ರದಿಂದ 50ಕ್ಕಿಂತ ಹೆಚ್ಚು ಕೂದಲು ಬರುವ ಮೈ. ತಾಯಿಯ ಕಿವಿ ಕೆಂಪಾಗಿತ್ತು, ಗಲ್ಲ ಜೊಲ್ಲಿನಿಂದ ಒದ್ದೆಯಾಗಿತ್ತು. ಪೆಟ್ಟಿಗೆಯಲ್ಲಿ ಒಂದು ಹುಲ್ಲು ಕಡ್ಡಿ ಇಲ್ಲ. ನಾನು ಇಣುಕಿ ನೋಡುವಷ್ಟರಲ್ಲಿ ಆ ಹುಡುಗ ದುಡ್ಡು ಎಣಿಸಿಕೊಂಡು ಹೊರಟೇ ಹೋದ.

ಮನೆಗೆ ತಂದು ಮರಿಯನ್ನು ಕೈಗೆತ್ತಿಕೊಂಡೆ. ಮೈ ತುಂಬ ರೋಮ, ಕಣ್ಣು ತೆರೆದಿದೆ, ಹಲ್ಲು ಬಂದಿದೆ, ತುರುತುರು ಓಡ್ತದೆ. ಬೆಕ್ಕಿನ ಮರಿ, ಮೊಲದ ಮರಿ ನೋಡಿದವರು ಯಾರಾದರೂ ಇದು ಬೆಳೆದ ಮರಿ ಅಂತಲೇ ಹೇಳ್ತಾರೆ. ಮಗುಚಿ ಹಿಡಿದಾಗ ಹೊಟ್ಟೆಯ ರೋಮದ ನಡುವೆ ಒಂದು ಕಂದು ಎಳೆ ಕಂಡಿತು. ಕಸ ಅಂದುಕೊಂಡು ಉಗುರಿನಿಂದ ಮೆಲ್ಲ ಎಳೆಯಲು ಹೋದೆ. ಬರಲಿಲ್ಲ. ಒಣಗಿದ ಹೊಕ್ಕುಳಬಳ್ಳಿ! ನನ್ನ ಕೈಕಾಲು ತಣ್ಣಗಾಯಿತು. ಕೇಕಿಗೆ ಮೈದಾ ತೂಗುವ ತಕ್ಕಡಿಯಲ್ಲಿ ಇಟ್ಟೆ. ಒಂದು 41 ಗ್ರಾಂ, ಇನ್ನೊಂದು 33. ಎಂಟು ವಾರದ ಮರಿ 200 ಗ್ರಾಮಿನ ಆಸುಪಾಸು ಇರಬೇಕು.

ಅವನು ಬಂಡವಾಳ ಮಾಡಿಕೊಂಡದ್ದು ಇದನ್ನೇ. ಚಿಂಚಿಲ್ಲಾ ಸುಮಾರು 111 ದಿನ ಗಬ್ಬ ಹೊರುತ್ತದೆ, ಹಾಗಾಗಿ ಮರಿಗಳು ಹುಟ್ಟುವಾಗಲೇ ರೋಮ, ಹಲ್ಲು, ತೆರೆದ ಕಣ್ಣು ಎಲ್ಲ ಇರ್ತದೆ. ನಿನ್ನೆ ಹುಟ್ಟಿದ್ದನ್ನು ಎರಡು ತಿಂಗಳಿನದ್ದು ಅಂದರೂ ನಂಬಬೇಕು. ಕಳಿಸಿದ ಫೋಟೋದಲ್ಲಿ ನೀಲಿ ಗೆರೆಯ ಟವೆಲ್ ಬಿಟ್ಟರೆ ಅಳತೆ ಗೊತ್ತಾಗುವ ಒಂದು ವಸ್ತುವೂ ಇರಲಿಲ್ಲ.

ಕೂಡಲೇ ಫೋನ್ ಮಾಡಿದೆ, ಎತ್ತಲಿಲ್ಲ. ತಕ್ಕಡಿಯ ಫೋಟೋ ಕಳಿಸಿದೆ. ಸಂಜೆ ಮಲಯಾಳದಲ್ಲಿ ವಾಯ್ಸ್ ಮೆಸೇಜ್ ಬಂತು: "ಒರು ಕುಳಪ್ಪವುಂ ಇಲ್ಲ (ಏನೂ ತೊಂದರೆ ಇಲ್ಲ) ಚೇಚಿ, ಅದು ಮಿನಿ ಬ್ರೀಡ್, ಅಷ್ಟೇ ಇರೋದು." ಮಿನಿ ಬ್ರೀಡ್ ಅಂತೆ! ಹೊಕ್ಕುಳಬಳ್ಳಿಯ ಫೋಟೋ ಕಳಿಸಿದೆ. "ಅದು ನೂಲು, ಚೇಚಿ." ನೂಲು! ಬಿಲ್ ಕೊಡಿ ಅಂದೆ. "ಬಿಲ್ ಬೇಕಾದರೆ ಜಿಎಸ್‌ಟಿ ಎಕ್ಸ್‌ಟ್ರಾ ಆಗ್ತದೆ." ಗಂಡಿನ ಜೊತೆ ಇಟ್ಟಿದ್ದಿರಾ ಅಂತ ಕೇಳಿದೆ, ಯಾಕೆಂದರೆ ಹೆತ್ತ ಕೂಡಲೇ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ, ಪಕ್ಕದಲ್ಲಿ ಗಂಡಿದ್ದರೆ ಹಾಲು ಕುಡಿಸುತ್ತಲೇ ಇನ್ನೊಮ್ಮೆ ಗಬ್ಬ. ಅದಕ್ಕೆ ಉತ್ತರ: "ಒಂದೇ ಗೂಡಲ್ಲಿತ್ತು. ಮರಿ ಆದರೆ ನಿಮಗೆ ಫ್ರೀ ಅಲ್ವಾ?" ಹೆತ್ತು ಸುಸ್ತಾದ ಜೀವವನ್ನು ಡಿಕ್ಕಿಯಲ್ಲಿ ತುಂಬಿ ಕಳಿಸಿ, ಮೇಲಿಂದ ಫ್ರೀ ಅಂತೆ.

ಪೆಟ್ಟಿಗೆಯ ಜೊತೆ 'ಇಂಪೋರ್ಟೆಡ್ ಸ್ನಾನದ ಪುಡಿ' ಅಂತ ಒಂದು ಪ್ಯಾಕೆಟ್ ಇತ್ತು, ಅದಕ್ಕೆ ಬೇರೆ 900 ರೂಪಾಯಿ. ಚಿಂಚಿಲ್ಲಾ ನೀರಿನಲ್ಲಿ ಅಲ್ಲ, ನುಣ್ಣನೆ ಪುಡಿಯಲ್ಲಿ ಹೊರಳಿ ಸ್ನಾನ ಮಾಡ್ತದೆ. ತಾಯಿಗೆ ಇವತ್ತೇ ಸ್ನಾನ ಮಾಡಿಸಿ, ಖುಷಿ ಆಗ್ತದೆ ಅಂದಿದ್ದ. ಹೆತ್ತ ಚಿಂಚಿಲ್ಲಾಕ್ಕೆ ಒಂದು ವಾರ, ಹತ್ತು ದಿನ ಧೂಳುಸ್ನಾನ ಕೊಡಲೇಬಾರದು, ಪುಡಿ ಹೆತ್ತ ಜಾಗದ ಒಳಗೆ ಹೋಗಿ ಸೋಂಕಾಗ್ತದೆ. ಆ ಪುಡಿಯನ್ನು ಸ್ಟೀಲ್ ತಟ್ಟೆಗೆ ಸುರಿದೆ. ನಿಜವಾದ್ದು ಜ್ವಾಲಾಮುಖಿ ಕಲ್ಲಿನ ಪುಡಿ, ಸುರಿದರೆ ಹೊಗೆಯ ಹಾಗೆ ಏಳ್ತದೆ. ಇದು ತಟ್ಟೆಯಲ್ಲಿ ಟಣಟಣ ಅಂತು. ಬೆರಳಾಡಿಸಿ ನೋಡಿದರೆ ಮರಳಿನ ನಡುವೆ ಚಿಪ್ಪಿನ ಚೂರುಗಳು, ಒಂದರ ಅಂಚಿನಲ್ಲಿ ಇನ್ನೂ ನೇರಳೆ ಬಣ್ಣ. ಸಮುದ್ರದ ಮರಳು ಮಾರಾಯ್ರೆ! ನಮ್ಮ ಕಡಲತೀರದ ಮರಳನ್ನು ನಮಗೇ ಮಾರಿದ್ದಾನೆ. 45,000ಕ್ಕಿಂತ ಈ 900 ನನ್ನನ್ನು ಹೆಚ್ಚು ಉರಿಸಿದೆ.

ಆಮೇಲಿನ ಕಷ್ಟ ದೊಡ್ಡದು. ತಾಯಿಗೆ ಹಾಲು ಕಡಿಮೆ. ಹಾಲು ಸಾಲದಿದ್ದರೆ ಮರಿಗಳು ಮೊಲೆಗಾಗಿ ಒಂದನ್ನೊಂದು ಕಚ್ಚಿಕೊಳ್ತವೆ. ತಾಯಿಯ ಮೊಲೆಯಲ್ಲೂ ಗಾಯ ಆಗಿತ್ತು, ಹತ್ತಿರ ಬಂದರೆ ಕಿರುಚಿ ತಳ್ಳುತ್ತಿತ್ತು. ನಮ್ಮ ಕಡೆ ದನ, ಆಡು, ನಾಯಿ ನೋಡುವ ಡಾಕ್ಟರು ಇದ್ದಾರೆ, ಇದನ್ನು ನೋಡಿದವರು ಸಿಗಲಿಲ್ಲ. ಮಂಗಳೂರಿಗೆ ಹೋದೆವು. ಅಲ್ಲಿ ಹೇಳಿಕೊಟ್ಟ ಹಾಗೆ ಎರಡೆರಡು ಗಂಟೆಗೊಮ್ಮೆ, ರಾತ್ರಿಯೂ, ಉಗುರುಬೆಚ್ಚಗಿನ ಆಡಿನ ಹಾಲು. ಡ್ರಾಪರಿನಿಂದ ತುಟಿಗೆ ಒಂದೊಂದೇ ಹನಿ ಮುಟ್ಟಿಸಬೇಕು, ಅದೇ ನೆಕ್ಕಬೇಕು. ಬಾಯೊಳಗೆ ಒತ್ತಿದರೆ ಹಾಲು ಶ್ವಾಸಕೋಶಕ್ಕೆ ಹೋಗ್ತದೆ. ಒಂದು ಮರಿ ತಾಯಿಯ ಹತ್ತಿರ ಇರುವಾಗ ಇನ್ನೊಂದನ್ನು ಬೇರೆ ಇಟ್ಟು ಸರದಿಯಲ್ಲಿ ಬಿಡಬೇಕು. ಅದರ ಮೇಲೆ ತಾಯಿಗೆ ತಂಪು ಬೇಕು, ಮರಿಗೆ ಬೆಚ್ಚಗೆ ಬೇಕು. ಎಸಿ ಗಾಳಿ ನೇರ ಬೀಳದ ಮೂಲೆಯಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಅದರ ಪಕ್ಕ ಮರಿ. ಕರೆಂಟ್ ಹೋದರೆ ಎಲ್ಲ ತಲೆಕೆಳಗೆ. ಬೆಳಿಗ್ಗೆ ಎದ್ದು ತಕ್ಕಡಿ ನೋಡಲಿಕ್ಕೇ ಹೆದರಿಕೆ.

33 ಗ್ರಾಮಿನದ್ದು ಉಳಿಯಲಿಲ್ಲ. ಮಗಳು ಇವತ್ತಿಗೂ ಸರಿಯಾಗಿ ಊಟ ಮಾಡ್ತಾ ಇಲ್ಲ. ಅವನಿಗೆ ತಿಳಿಸಿದೆ, ದುಡ್ಡು ಕೇಳಲಿಲ್ಲ, ಸುಮ್ಮನೆ ತಿಳಿಸಿದೆ. ಅವನ ಉತ್ತರ: "ನಿಮ್ಮ ಎಸಿಯಿಂದ ಆದದ್ದು. ಲೈವ್ ಐಟಂಗೆ ಗ್ಯಾರಂಟಿ ಇಲ್ಲ." ಐಟಂ ಅಂದ. ಆಮೇಲೆ ಬ್ಲಾಕ್ ಮಾಡಿದ.

ಇನ್ನೊಂದು ಮರಿ ಈಗ 90 ಗ್ರಾಂ ದಾಟಿದೆ, ತಾಯಿಯ ಗಾಯ ಒಣಗಿದೆ. ಗಬ್ಬ ಉಂಟಾ ಇಲ್ಲವಾ ಅಂತ ಡಾಕ್ಟರು ಇನ್ನೂ ಖಚಿತ ಹೇಳಿಲ್ಲ.

ಕೊಳ್ಳಲೇಬೇಕು ಅನ್ನುವವರು ವಿಡಿಯೋ ಕಾಲಿನಲ್ಲಿ ಮರಿಯನ್ನು ತಕ್ಕಡಿ ಮೇಲೆ ಇಡಿಸಿ, ಹೊಟ್ಟೆ ಮಗುಚಿ ತೋರಿಸಲು ಹೇಳಿ. ಆರೆಂಟು ವಾರ ತುಂಬುವವರೆಗೆ ತಾಯಿಯ ಹಾಲು ಕುಡಿದಿರದ ಮರಿ ಬೇಡ. ಅಂಗಡಿಯವನಾದರೆ 2018ರ ಪೆಟ್ ಶಾಪ್ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇರಲೇಬೇಕು, ಅದನ್ನು ಕೇಳಿ. ಸಿಟ್ಟು ಮಾಡಿಕೊಂಡರೆ ಫೋನ್ ಇಡಿ.

ಮೊನ್ನೆ ತಂಗಿಯ ಗ್ರೂಪಿಗೆ ಅದೇ ನೀಲಿ ಗೆರೆಯ ಟವೆಲ್, ಅದೇ ಎರಡು ಮರಿಗಳ ಫೋಟೋ ಬೇರೆ ನಂಬರಿನಿಂದ ಬಂದಿದೆ. ಈಗಲೂ ಎಂಟು ವಾರ ಅಂತಲೇ ಬರೆದಿದ್ದಾನೆ, ಬೆಲೆ 40,000ಕ್ಕೆ ಇಳಿಸಿದ್ದಾನೆ. ಆ ಫೋಟೋದ ಎಡಗಡೆ ಇರುವ ಮರಿ ನಮ್ಮ ಮನೆಯಲ್ಲಿ ಸತ್ತಿದೆ. ಯಾರೂ ಮುಂಗಡ ಕಳಿಸಬೇಡಿ.